ಗೆರೆಯಿಂದ ನಾದ: ಡ್ಯಾಫ್ನಿ ಓರಮ್ ಮತ್ತು ಪ್ರಸಾರ ಮಾಧ್ಯಮದ ವಿದ್ಯುನ್ಮಾನ ಸಂಗೀತ

ವಿದ್ಯುನ್ಮಾನ ಸಂಗೀತ, ಅಂದರೆ ವಾದ್ಯಗಳನ್ನು ನುಡಿಸದೆ ವಿದ್ಯುತ್ ಉಪಕರಣಗಳಿಂದಲೇ ನಾದವನ್ನು ಹುಟ್ಟಿಸಿ ಜೋಡಿಸುವ ಕಲೆ, ಬ್ರಿಟನ್ನಿನ ಪ್ರಸಾರ ಸಂಸ್ಥೆಯಾದ ಬಿಬಿಸಿಯಲ್ಲಿ ನೆಲೆಯೂರಿದ್ದು ಸಂಗೀತ ವಿಭಾಗದ ಉತ್ಸಾಹದಿಂದಲ್ಲ, ನಾಟಕಗಳ ಅಗತ್ಯದಿಂದ. ಅದನ್ನು ಸ್ವತಂತ್ರ ಕಲೆಯೆಂದು ಬಗೆದ ಡ್ಯಾಫ್ನಿ ಓರಮ್ (1925–2003) ಅವರ ಸಾಧನೆಯನ್ನೂ ಒಂಟಿತನವನ್ನೂ ಈ ಹಿನ್ನೆಲೆಯಲ್ಲೇ ಅರಿಯಬೇಕಾಗುತ್ತದೆ.

ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ದೊರೆತಿದ್ದ ಪ್ರವೇಶವನ್ನು ಬಿಟ್ಟು ಯುದ್ಧಕಾಲದಲ್ಲಿ ಬಿಬಿಸಿ ಸೇರಿದ ಓರಮ್, ಸಂಗೀತ ಕಛೇರಿಗಳ ಪ್ರಸಾರದ ವೇಳೆ ಮೈಕುಗಳ ಧ್ವನಿಯನ್ನು ಹದವರಿತು ಬೆರೆಸುವ ತಂತ್ರಜ್ಞೆಯಾಗಿ ಪಳಗಿದರು. ವಾದ್ಯವೃಂದದೊಂದಿಗೆ ಗ್ರಾಮಫೋನ್ ತಟ್ಟೆಗಳನ್ನೂ ಮೈಕುಗಳನ್ನೂ ದುಡಿಸಿಕೊಳ್ಳುವ ‘ಸ್ಟಿಲ್ ಪಾಯಿಂಟ್’ ಕೃತಿಯನ್ನು ಅವರು 1949ರ ಸುಮಾರಿಗೆ ರಚಿಸಿದರಾದರೂ ಸಂಸ್ಥೆ ಅದನ್ನು ಸ್ವೀಕರಿಸಲಿಲ್ಲ. ಅದರ ಮೊದಲ ಪ್ರದರ್ಶನ ನಡೆದದ್ದು 2016ರಲ್ಲಿ. ಸ್ಟುಡಿಯೋಗಳು ಬರಿದಾದ ರಾತ್ರಿಗಳಲ್ಲಿ ಟೇಪ್ ರೆಕಾರ್ಡರುಗಳನ್ನು ಒಂದೆಡೆ ಕೂಡಿಸಿ ಪ್ರಯೋಗ ನಡೆಸುತ್ತಿದ್ದ ಅವರು, ಒಂದೇ ಕಂಪನದ ಶುದ್ಧ ನಾದ ಹೊರಡಿಸುವ ಆಸಿಲೇಟರ್, ಟೇಪು ಹಾಗೂ ಸ್ವತಃ ರೂಪಿಸಿದ ಫಿಲ್ಟರುಗಳಿಂದ 1957ರಲ್ಲಿ ‘ಆಂಫಿಟ್ರಿಯಾನ್ 38’ ಎಂಬ ಟೆಲಿವಿಷನ್ ನಾಟಕಕ್ಕೆ ಸಂಗೀತ ಒದಗಿಸಿದರು. ಬಿಬಿಸಿಯ ಮೊದಲ ಪೂರ್ಣ ವಿದ್ಯುನ್ಮಾನ ಹಿನ್ನೆಲೆ ಸಂಗೀತವೆಂದು ಅದು ಹೆಸರಾಗಿದೆ.

ಮರುವರ್ಷ ಡೆಸ್ಮಂಡ್ ಬ್ರಿಸ್ಕೋ ಅವರೊಡಗೂಡಿ ಲಂಡನ್ನಿನ ಮೈಡಾ ವೇಲ್‌ನಲ್ಲಿ ಓರಮ್ ಕಟ್ಟಿ ನಿಲ್ಲಿಸಿದ ರೇಡಿಯೋಫೋನಿಕ್ ವರ್ಕ್‌ಶಾಪ್‌ಗೆ ಒಪ್ಪಿಸಲಾದ ಹೊಣೆ ನಾಟಕ ಮತ್ತಿತರ ಕಾರ್ಯಕ್ರಮಗಳಿಗೆ ಧ್ವನಿ ಪೂರೈಸುವುದೇ ಹೊರತು ಸ್ವತಂತ್ರ ಸಂಗೀತ ರಚನೆಯಲ್ಲ. ಆ ಮಿತಿಯೊಳಗೆ ಉಳಿಯಲೊಲ್ಲದೆ ಅವರು 1959ರ ಆರಂಭದಲ್ಲಿ ಹುದ್ದೆ ತೊರೆದು, ಕೆಂಟ್ ಪ್ರಾಂತ್ಯದ ಮನೆಯೊಂದರಲ್ಲಿ ಸ್ವಂತ ಸ್ಟುಡಿಯೋ ತೆರೆದರು.

ಗುಲ್ಬೆಂಕಿಯನ್ ಪ್ರತಿಷ್ಠಾನದ ಧನಸಹಾಯದಿಂದ ಅಲ್ಲಿ ರೂಪುಗೊಂಡ ‘ಓರಾಮಿಕ್ಸ್’ ಯಂತ್ರದಲ್ಲಿ 35 ಮಿ.ಮೀ. ಅಗಲದ ಹತ್ತು ಪಾರದರ್ಶಕ ಫಿಲ್ಮ್ ಪಟ್ಟಿಗಳು ಒಟ್ಟಿಗೆ ಉರುಳುತ್ತಿದ್ದವು. ಅವುಗಳ ಮೇಲೆ ಬರೆದ ಕಪ್ಪು ಗುರುತುಗಳು ಬೆಳಕನ್ನು ತಡೆದಂತೆಲ್ಲ, ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ದ್ಯುತಿಕೋಶಗಳು ಆ ವ್ಯತ್ಯಾಸವನ್ನು ಗ್ರಹಿಸಿ ನಾದವನ್ನು ನಿಯಂತ್ರಿಸುತ್ತಿದ್ದವು. ಶ್ರುತಿ, ಧ್ವನಿಯ ಏರಿಳಿತ, ನಾದಗುಣ ಇವೆಲ್ಲವನ್ನೂ ಬೇರೆಬೇರೆಯಾಗಿ ಬರೆಯಬಹುದಾಗಿದ್ದರಿಂದ, ಯಂತ್ರದ ಸೂಕ್ಷ್ಮ ನಿರ್ಧಾರಗಳೆಲ್ಲ ರಚನಕಾರರ ಕೈಯಲ್ಲೇ ಉಳಿಯುತ್ತಿದ್ದವು.

ಇಂದಿನ ಕಂಪ್ಯೂಟರ್ ಪರದೆಯ ಮೇಲೆ ಧ್ವನಿಯ ಏರಿಳಿತವನ್ನು ಗೆರೆಯಾಗಿ ತಿದ್ದುವ ಕ್ರಮ ಇದನ್ನೇ ಹೋಲುತ್ತದೆಯಾದರೂ ಅದನ್ನು ಓರಮ್ ಅವರ ನೇರ ಕೊಡುಗೆಯೆನ್ನಲಾಗದು. ಏಕೆಂದರೆ ಅವರ ಯಂತ್ರ ಮಾರುಕಟ್ಟೆಗೆ ಬರದೆ ಅವರ ಸ್ಟುಡಿಯೋದಲ್ಲೇ ಉಳಿಯಿತು. ಸಂಸ್ಥೆಯಿಂದ ಹೊರಬಂದದ್ದು ಓರಮ್ ಅವರಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು, ಆದರೆ ಆ ವಿದ್ಯೆಯನ್ನು ಮುಂದಿನವರಿಗೆ ದಾಟಿಸಬಲ್ಲ ವ್ಯವಸ್ಥೆಯನ್ನು ಕೊಡಲಿಲ್ಲ.