ವಕೀಲರಿಗೆ ಬಾಗಿಲು ಮುಚ್ಚಿದ್ದ ನ್ಯಾಯ ಮಂಡಳಿ: ಗೇಣಿದಾರರು ತಾವೇ ವಾದಿಸಿದ ಕಾಲ

ಜಮೀನಿನ ಕೇಸು ಅಂದ್ರೆ ನಾವೆಲ್ಲ ಮೊದಲು ಕೇಳೋದು, ‘ವಕೀಲರು ಯಾರು?’ ಅಂತ. ಆದರೆ ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಒಂದು ಕಾಲಕ್ಕೆ ಜಮೀನಿನ ದೊಡ್ಡ ದೊಡ್ಡ ತಕರಾರುಗಳು ವಕೀಲರೇ ಇಲ್ಲದೆ ತೀರ್ಮಾನವಾದವು. ವಕೀಲರು ಬರಬಾರದು ಅಂತ ಕಾನೂನೇ ಹೇಳಿತ್ತು. ಇವತ್ತು ಆ ಕಥೆ.

ನಮ್ಮ ಕರಾವಳಿಯಲ್ಲಿ ಗದ್ದೆ ಒಬ್ಬರದು, ದುಡಿಮೆ ಇನ್ನೊಬ್ಬರದು. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು ಹೀಗೆ ಎಷ್ಟೋ ಕುಟುಂಬಗಳು ಗೇಣಿಗೆ ಸಾಗುವಳಿ ಮಾಡ್ತಿದ್ದವು. ಮೂಲಗೇಣಿ ಆದರೆ ಕಾಯಂ ಹಕ್ಕು. ಚಾಲಗೇಣಿ ಆದರೆ ಒಡೆಯರು ಬಿಡಿಸಿದರೆ ಬಿಡಬೇಕು. ಹೆಚ್ಚಿನ ಚಾಲಗೇಣಿ ಬಾಯಿಮಾತಿನ ಒಪ್ಪಂದ. ಈ ಜಿಲ್ಲೆಯ ರೈತರನ್ನು ಸಂಘಟಿಸಿದ್ದಕ್ಕೆ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಗಡಿಪಾರು ಮಾಡಿತ್ತು ಅಂದ್ರೆ, ವಿಷಯ ಎಷ್ಟು ಬಿಸಿಯಾಗಿತ್ತು ಅಂತ ಊಹಿಸಿ.

ಮುಂದೆ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಬಂತು. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವರು ಫಾರ್ಮ್ ನಂಬರ್ 7 ತುಂಬಿ ಹಕ್ಕು ಕೇಳಬೇಕು. ಕೊನೇ ದಿನ ಮುಂದಕ್ಕೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು.

ಯಾರು ಗೇಣಿದಾರ ಅಂತ ತೀರ್ಮಾನಿಸುವ ಅಧಿಕಾರವನ್ನು ಸಿವಿಲ್ ಕೋರ್ಟಿನಿಂದ ತೆಗೆದು ಭೂ ನ್ಯಾಯ ಮಂಡಳಿಗೆ ಕೊಟ್ಟರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಕಾಯ್ದೆಯ 48(8)ನೇ ಕಲಮು ವಕೀಲರನ್ನು ಹೊರಗಿಟ್ಟಿತು. ಒಡೆಯರಿಗೂ ವಕೀಲರಿಲ್ಲ, ಒಕ್ಕಲಿಗೂ ಇಲ್ಲ.

ಕೇಳೋಕೆ ಇದು ಸಮಾನತೆ. ಫೀಸಿನ ಚಿಂತೆ ಇಲ್ಲ, ಇಂಗ್ಲಿಷ್ ವಾದ ಇಲ್ಲ. ಆದರೆ ನನಗೆ ಕಾಡೋ ಪ್ರಶ್ನೆ ಬೇರೆ. ತಲೆಮಾರುಗಳಿಂದ ಯಾರ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರೋ, ಅವರ ಎದುರೇ ‘ಈ ಗದ್ದೆ ನಾನು ಮಾಡ್ತಾ ಬಂದದ್ದು’ ಅಂತ ಹೇಳೋದು ಸುಲಭವಾ? ಹೇಳಿದರೂ ಸಾಕ್ಷಿ ಬೇಕು. ಪಹಣಿಯಲ್ಲಿ ಹೆಸರು, ಗೇಣಿ ಕೊಟ್ಟ ರಸೀದಿ, ಅಕ್ಕಪಕ್ಕದ ಗದ್ದೆಯವರ ಹೇಳಿಕೆ. ಬಾಯಿಮಾತಿನ ಗೇಣಿಯಲ್ಲಿ ಮೊದಲ ಎರಡೂ ಇಲ್ಲದಿದ್ದರೆ, ನೆರೆಯವರ ಮಾತೇ ಗತಿ. ಓದುಬರಹ ಬಲ್ಲ ಒಡೆಯರ ಕೈಯಲ್ಲಿ ಕಾಗದ ಇರ್ತಿತ್ತು. ವಕೀಲರನ್ನು ಹೊರಗಿಟ್ಟ ಮಾತ್ರಕ್ಕೆ ಆ ಅಂತರ ಹೊರಗೆ ಹೋಗಲಿಲ್ಲ.

ಗೆದ್ದರೂ ಮುಗೀತಿರಲಿಲ್ಲ. ಮಂಡಳಿಯ ಆದೇಶದ ಮೇಲೆ ಹೈಕೋರ್ಟಿಗೆ ರಿಟ್ ಹಾಕಬಹುದಿತ್ತು. ವಿಚಾರಣೆ ಸರಿಯಾಗಿಲ್ಲ ಅಂತ ಎಷ್ಟೋ ಆದೇಶಗಳು ರದ್ದಾಗಿ ವಾಪಸ್ ಬಂದವು. ನೂರಾರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ವಕೀಲರಿಲ್ಲದೆ ನಡೆಯೋದು ಕಷ್ಟ. ಕೊನೆಗೆ 1987ರಲ್ಲಿ, ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 48(8)ನೇ ಕಲಮನ್ನೇ ಅಸಿಂಧು ಅಂದಿತು. ವಕೀಲರ ಹಕ್ಕಿಗೆ ರಾಜ್ಯದ ಶಾಸನಸಭೆ ಹೀಗೆ ಅಡ್ಡ ಬರುವಂತಿಲ್ಲ ಅನ್ನೋದು ತೀರ್ಪಿನ ಸಾರ.

ಇವತ್ತು? ಸಿವಿಲ್ ಕೋರ್ಟಿನಲ್ಲಿ ನಿಮ್ಮ ಕೇಸು ನೀವೇ ನಡೆಸಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶ ಅದಕ್ಕೆ ಅವಕಾಶ ಕೊಡುತ್ತೆ. ಆದರೆ ಸಮನ್ಸ್ ಬಂದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಅಷ್ಟರಲ್ಲಿ ಕಾಗದಪತ್ರ ಜೋಡಿಸಿಕೊಳ್ಳಿ. ಒಬ್ಬರೇ ನಡೆಸೋದು ಕಷ್ಟ ಅನಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗ್ತಾರೆ. ಸಹಾಯವಾಣಿ 15100.

ಗೇಣಿದಾರರ ಕಥೆ ನನಗೆ ಕಲಿಸಿದ್ದು ಇಷ್ಟು: ನಮ್ಮ ಮಾತು ನಾವೇ ಆಡೋ ಹಕ್ಕು ದೊಡ್ಡದು, ಆದರೆ ಮಾತಿನ ಹಿಂದೆ ಒಂದು ಚೀಟಿ ಇರಬೇಕು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಫಾರ್ಮ್ ನಂಬರ್ 7 ಇದ್ದರೆ, ಎಸೀಬೇಡಿ. ಮನೆಯ ಹಿರಿಯರನ್ನು ಕೂರಿಸಿ ಅದರ ಕಥೆ ಕೇಳಿ. ಮತ್ತೆ ಸಿಗೋಣ.