ಆಪ್ತವಾಕ್ಯವನ್ನು ಅರಸುತ್ತ

ನಮ್ಮ ನ್ಯಾಯಶಾಸ್ತ್ರದಲ್ಲಿ ತಿಳಿವಳಿಕೆಗೆ ಆಧಾರವಾದ ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಹೇಳುತ್ತಾರೆ. ಶಬ್ದವೆಂದರೆ ಆಪ್ತನಾದವನ ಮಾತು. ಆಪ್ತನೆಂದರೆ ಇಲ್ಲಿ ನೆಂಟನೂ ಅಲ್ಲ, ಗೆಳೆಯನೂ ಅಲ್ಲ. ವಿಷಯವನ್ನು ಇದ್ದಂತೆ ಬಲ್ಲವನು, ಬಲ್ಲುದನ್ನು ಬಲ್ಲಂತೆಯೇ ಹೇಳುವವನು. ಚರಕಸಂಹಿತೆಯೂ ಆಪ್ತೋಪದೇಶವನ್ನು ಪ್ರಮಾಣವೆಂದು ಒಪ್ಪುತ್ತದೆ. ರಜಸ್ಸು ತಮಸ್ಸುಗಳನ್ನು ಕಳೆದುಕೊಂಡವರನ್ನು ಅದು ಆಪ್ತರೆನ್ನುತ್ತದೆ. ನಮ್ಮ ಕಾಲದ ಮಾತಿನಲ್ಲಿ ಹೇಳುವುದಾದರೆ, ಸ್ವಂತ ಲಾಭದ ಲೆಕ್ಕವಿಲ್ಲದವರು.

ನನ್ನ ಬಳಿ ಕಲಿತವರಲ್ಲಿ ಅನೇಕರು ಈಗ ತಂದೆತಾಯಿಗಳಾಗಿದ್ದಾರೆ. ಕೆಲವರು ಅಜ್ಜ ಅಜ್ಜಿಯರೂ ಆಗಿದ್ದಾರೆ. ಮಗುವಿಗೆ ಏನು ತಿನ್ನಿಸಬೇಕು, ಹೇಗೆ ಮಲಗಿಸಬೇಕು, ಯಾವ ತಿಂಗಳಿಗೆ ಏನು ಮಾಡದಿದ್ದರೆ ಚಿಂತಿಸಬೇಕು ಎಂಬ ವಿಷಯದಲ್ಲಿ ಅವರಿಗೆ ಸಲಹೆಯ ಬರವಿಲ್ಲ. ಕೈಯಲ್ಲಿರುವ ಫೋನಿನಲ್ಲೇ ದಿನಕ್ಕೆ ಹತ್ತು ಉಪದೇಶಗಳು ಬರುತ್ತವೆ, ಒಂದಕ್ಕೊಂದು ವಿರುದ್ಧವಾಗಿಯೂ ಬರುತ್ತವೆ. ಬರವಿರುವುದು ಆಪ್ತವಾಕ್ಯಕ್ಕೆ. ಕಳೆದ ನೂರು ವರ್ಷಗಳ ಚರಿತ್ರೆಯಿಂದ ಮೂರು ಪ್ರಸಂಗಗಳನ್ನು ಆಯ್ದು, ಈ ಆಪ್ತನನ್ನು ಗುರುತಿಸುವುದು ಹೇಗೆಂದು ಯೋಚಿಸುವುದು ಈ ಬರಹದ ಉದ್ದೇಶ.

ಮೊದಲನೆಯದು ಹಿರಿಯರ ಮಾತು. ನಮ್ಮ ಊರಿನಲ್ಲಿ ನಾನು ಬಾಲಕನಾಗಿದ್ದಾಗ, ಮಗುವಿಗೆ ಭೇದಿಯಾದರೆ ನೀರು ಕೊಡಬಾರದೆಂಬುದು ಪ್ರಶ್ನಾತೀತವಾದ ನಿಯಮವಾಗಿತ್ತು. ಕೊಟ್ಟ ನೀರೆಲ್ಲ ಭೇದಿಯಾಗಿಯೇ ಹೋಗುತ್ತದೆ ಎಂಬುದು ಅದರ ತರ್ಕ. ಪಕ್ಕದ ಬೀದಿಯ ಒಂದು ಮಗು ಎರಡೇ ದಿನದಲ್ಲಿ ಕಣ್ಣು ಗುಳಿಬಿದ್ದು, ತುಟಿ ಒಣಗಿ ತೀರಿಕೊಂಡದ್ದು ನನಗೆ ನೆನಪಿದೆ. ಆ ಮನೆಯ ಅಜ್ಜಿಗೆ ಮಗುವಿನ ಮೇಲೆ ಪ್ರಾಣವಿತ್ತು. ಆಕೆಯ ಮಾತಿನಲ್ಲಿ ಸ್ವಾರ್ಥದ ಲೇಶವೂ ಇರಲಿಲ್ಲ. ಇಲ್ಲದಿದ್ದುದು ತಿಳಿವಳಿಕೆ.

ಆ ತಿಳಿವಳಿಕೆ ರೂಪುಗೊಂಡದ್ದು ನಮ್ಮ ಕಣ್ಣೆದುರಿನ ಕಾಲದಲ್ಲೇ. ಕರುಳಿನಲ್ಲಿ ಗ್ಲೂಕೋಸು ಇದ್ದರೆ ಅದರೊಡನೆ ಉಪ್ಪಿನ ಅಂಶವೂ ಒಳಸೇರುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ; ಭೇದಿಯಾಗುತ್ತಿರುವಾಗಲೂ ಈ ದಾರಿ ಮುಚ್ಚಿರುವುದಿಲ್ಲ. ಇದನ್ನು 1960ರ ದಶಕದಲ್ಲಿ ಢಾಕಾ ಮತ್ತು ಕಲ್ಕತ್ತೆಗಳಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದರು. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರ ಬಳಿ ರಕ್ತನಾಳಕ್ಕೆ ಹಾಕುವ ದ್ರವ ಸಾಕಷ್ಟು ಇರಲಿಲ್ಲ. ಅವರು ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ಅಳೆದು ನೀರಿನಲ್ಲಿ ಕದಡಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ನಾವು ಓ.ಆರ್.ಎಸ್. ಎನ್ನುವುದು ಇದನ್ನೇ. ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ತಲೆಗಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ತಾತ್ಕಾಲಿಕವಾಗಿ ಅದೇ ಕೆಲಸಕ್ಕೆ ಬರುತ್ತದೆ. ಶತಮಾನಗಳ ಕಾಲ ಅಡಿಗೆಮನೆಯಲ್ಲಿದ್ದ ವಸ್ತುಗಳು ಅವು.

ಎರಡನೆಯದು ವ್ಯಾಪಾರಿಯ ಮಾತು. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಡಾ. ಸಿಸಿಲಿ ವಿಲಿಯಮ್ಸ್ ಎಂಬ ಮಕ್ಕಳ ವೈದ್ಯೆ ಒಂದು ಭಾಷಣ ಮಾಡಿದರು. ಅದರ ಶೀರ್ಷಿಕೆ ‘ಹಾಲು ಮತ್ತು ಕೊಲೆ’. ಸಿಹಿ ಬೆರೆಸಿ ಗಟ್ಟಿ ಮಾಡಿದ ಡಬ್ಬಿಹಾಲನ್ನು ಎಳೆಗೂಸುಗಳಿಗೆ ಯೋಗ್ಯವೆಂದು ಮಾರುತ್ತಿದ್ದ ಕಾಲ ಅದು. ದಾದಿಯರ ಉಡುಪು ತೊಟ್ಟ ಹೆಂಗಸರು ಬಡ ತಾಯಂದಿರ ಬಳಿಗೆ ಹೋಗಿ, ಎದೆಹಾಲು ಬಿಡಿಸಿ ಡಬ್ಬಿ ಹಿಡಿಸುತ್ತಿದ್ದರು. ಆ ಬಿಳಿಯ ಉಡುಪನ್ನು ಕಂಡ ತಾಯಿ, ಇವಳು ಬಲ್ಲವಳೆಂದು ನಂಬಿದ್ದರಲ್ಲಿ ಆಶ್ಚರ್ಯವೇನು?

ಡಬ್ಬಿಯ ಪುಡಿಯೇ ಪಾಪದ್ದೆಂದು ನಾನು ಹೇಳುತ್ತಿಲ್ಲ. ತಾಯಿಯ ಹಾಲು ದೊರೆಯದ ಕೂಸಿಗೆ ಅದು ಬೇಕಾದದ್ದೇ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದ್ದು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆ ಎಂಬುದು ಹೆಮ್ಮೆಯ ವಿಷಯವೇ. ಕೇಡು ಇದ್ದದ್ದು ಜಾಹೀರಾತು ಸಲಹೆಯ ವೇಷ ಹಾಕಿದ್ದರಲ್ಲಿ. 1981ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿನ ಬದಲಿಗಳ ಮಾರಾಟಕ್ಕೆ ಒಂದು ಅಂತಾರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. 118 ದೇಶಗಳು ಪರವಾಗಿ, ಅಮೆರಿಕ ಒಂದೇ ವಿರುದ್ಧವಾಗಿ ಮತ ಹಾಕಿದವು. ಭಾರತ 1992ರಲ್ಲಿ ಅದಕ್ಕೆ ಕಾನೂನಿನ ರೂಪ ಕೊಟ್ಟು, 2003ರಲ್ಲಿ ತಿದ್ದುಪಡಿ ಮಾಡಿ ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಗಳಿಗೆ ಜಾಹೀರಾತು ಕೂಡದು, ಡಬ್ಬಿಯ ಮೇಲೆ ಮಗುವಿನ ಚಿತ್ರ ಕೂಡದು, ಮಾರಾಟಕ್ಕಾಗಿ ಆರೋಗ್ಯ ಕಾರ್ಯಕರ್ತರಿಗೆ ಉಡುಗೊರೆ ಕೂಡದು ಎಂದು ಆ ಕಾನೂನು ಹೇಳುತ್ತದೆ.

ಮೂರನೆಯ ಪ್ರಸಂಗವೇ ನನ್ನನ್ನು ಹೆಚ್ಚು ಕಾಡಿದ್ದು. ಇಲ್ಲಿ ಅಜ್ಞಾನಿಯೂ ಇಲ್ಲ, ವ್ಯಾಪಾರಿಯೂ ಇಲ್ಲ. ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಓದಿದ ವೈದ್ಯರು, ಮಕ್ಕಳನ್ನು ಪ್ರೀತಿಸಿದವರು. 1946ರಲ್ಲಿ ಅವರು ಪ್ರಕಟಿಸಿದ ಶಿಶುಪಾಲನೆಯ ಪುಸ್ತಕ ಕೋಟ್ಯಂತರ ಪ್ರತಿಗಳಲ್ಲಿ, ಅನೇಕ ಭಾಷೆಗಳಲ್ಲಿ ಮನೆಮನೆಗೆ ಹೋಯಿತು. ಗಡಿಯಾರ ನೋಡಿ ಹಾಲು ಕೊಡಿ, ಅತ್ತರೆ ಎತ್ತಬೇಡಿ ಎನ್ನುತ್ತಿದ್ದ ಹಿಂದಿನ ಪಂಡಿತರ ನಡುವೆ, ತಾಯಿಗೆ ಧೈರ್ಯ ಹೇಳಿದ ಪುಸ್ತಕ ಅದು. ಆದರೆ 1956ರ ಆವೃತ್ತಿಯಿಂದ ಅದರಲ್ಲಿ ಒಂದು ಸಲಹೆ ಸೇರಿಕೊಂಡಿತು: ಮಗುವನ್ನು ಬೋರಲಾಗಿ ಮಲಗಿಸಿರಿ, ಅಂಗಾತ ಮಲಗಿಸಿದರೆ ವಾಂತಿಯಾದಾಗ ಉಸಿರುಗಟ್ಟೀತು ಎಂದು. ಕೇಳಲು ಸರಿಯಾಗಿಯೇ ತೋರುವ ಮಾತು. ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಬೋರಲು ಮಲಗಿದ ಕೂಸುಗಳು ನಿದ್ದೆಯಲ್ಲೇ ಹಠಾತ್ತನೆ ಸಾಯುವುದು ಹೆಚ್ಚು ಎಂಬುದಕ್ಕೆ 1970ರ ಹೊತ್ತಿಗೇ ಆಧಾರಗಳು ದೊರೆಯುವಂತಿದ್ದವು. ಅವನ್ನು ಒಂದೆಡೆ ಸೇರಿಸಿ ನೋಡಿದವರಿರಲಿಲ್ಲ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ನಡೆದ ಮೇಲೆ ಇಂಥ ಸಾವುಗಳು ಅರ್ಧಕ್ಕೂ ಕೆಳಗಿಳಿದವು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಹಳೆಯ ಆಧಾರಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿ, ಇದನ್ನು ಮೊದಲೇ ಗುರುತಿಸಿದ್ದರೆ ಬ್ರಿಟನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು, ಯೂರೋಪು, ಅಮೆರಿಕ, ಆಸ್ಟ್ರೇಲಿಯ ಕಡೆಗಳಲ್ಲಿ ಕಡಿಮೆಯೆಂದರೂ ಐವತ್ತು ಸಾವಿರ ಶಿಶುಗಳು ಉಳಿಯಬಹುದಿತ್ತು ಎಂದು ಹೇಳಿತು. ತಾಯಂದಿರು ಪುಸ್ತಕವನ್ನು ಓದಿ, ಶ್ರದ್ಧೆಯಿಂದ ಪಾಲಿಸಿದ್ದರು.

ಅಳತೆಗೋಲೇ ತಪ್ಪಾಗಿದ್ದದ್ದೂ ಉಂಟು. ಮಗುವಿನ ತೂಕವನ್ನು ಹೋಲಿಸಿ ನೋಡಲು 1970ರ ದಶಕದ ಕೊನೆಯಿಂದ ಲೋಕವೆಲ್ಲ ಬಳಸಿದ ನಕ್ಷೆಯು, ಎಳೆಯ ಶಿಶುಗಳ ಮಟ್ಟಿಗೆ, ಅಮೆರಿಕದ ಒಂದೇ ಪ್ರದೇಶದ, ಬಹುಪಾಲು ಬಾಟಲಿ ಹಾಲು ಕುಡಿದ ಮಕ್ಕಳ ಅಳತೆಯಾಗಿತ್ತು. ಅದಕ್ಕೆ ಹೋಲಿಸಿದಾಗ ಎದೆಹಾಲು ಕುಡಿದು ಚೆನ್ನಾಗಿಯೇ ಇದ್ದ ಮಗು ಕೆಲವು ತಿಂಗಳಲ್ಲಿ ಹಿಂದೆ ಬಿದ್ದಂತೆ ತೋರುತ್ತಿತ್ತು. ಹೆದರಿದ ತಾಯಿ ಡಬ್ಬಿಗೆ ಕೈ ಹಾಕುತ್ತಿದ್ದಳು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಂಡು, ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳ ಸುಮಾರು 8,500 ಮಕ್ಕಳನ್ನು ಅಳೆಯಿಸಿ 2006ರಲ್ಲಿ ಹೊಸ ಮಾನದಂಡವನ್ನು ಹೊರಡಿಸಿತು. ಭಾರತದ ಮಕ್ಕಳನ್ನು ಅಳೆದದ್ದು ದೆಹಲಿಯಲ್ಲಿ. ಸರಿಯಾದ ಆಹಾರ ಆರೈಕೆಗಳು ದೊರೆತರೆ ಮೊದಲ ಐದು ವರ್ಷ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆಂಬುದು ಅದರಿಂದ ತಿಳಿದುಬಂತು.

ಈ ಪ್ರಸಂಗಗಳನ್ನು ಒಟ್ಟಿಗೆ ನೋಡಿದರೆ, ಆಪ್ತನಿಗೆ ನಮ್ಮವರು ಹೇಳಿದ ಲಕ್ಷಣಗಳು ಇಂದಿಗೂ ಸಲ್ಲುತ್ತವೆ ಎನ್ನಬೇಕು. ಅಜ್ಜಿಗೆ ತಿಳಿವಳಿಕೆಯಿರಲಿಲ್ಲ, ವ್ಯಾಪಾರಿಗೆ ನಿಸ್ಪೃಹತೆಯಿರಲಿಲ್ಲ. ಆದರೆ ಸ್ಪಾಕರಿಗೆ ಎರಡೂ ಇದ್ದವು. ಆದುದರಿಂದ ಚರಿತ್ರೆ ಮೂರನೆಯ ಲಕ್ಷಣವೊಂದನ್ನು ಸೇರಿಸುತ್ತದೆ: ತನ್ನ ಮಾತನ್ನು ಪರೀಕ್ಷೆಗೆ ಒಡ್ಡುವುದು, ತಪ್ಪೆಂದು ಕಂಡಾಗ ಬಹಿರಂಗವಾಗಿ ತಿದ್ದಿಕೊಳ್ಳುವುದು. ಹೊಸ ನಕ್ಷೆ ಬಂತೆಂದು ಹಳೆಯದನ್ನು ಕೈಬಿಟ್ಟ ಸಂಸ್ಥೆಯ ಮೇಲೆ ನನಗೆ ನಂಬಿಕೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಎಂದೂ ಬದಲಾಗದ, ತಾರೀಖಿಲ್ಲದ, ಹೇಳಿದವರ ಹೆಸರಿಲ್ಲದ ಉಪದೇಶವೇ ಅನುಮಾನಕ್ಕೆ ಯೋಗ್ಯ.

ಕನ್ನಡದ ತಾಯಂದಿರಿಗೆ ಇಂಥ ಆಪ್ತರು ಇಲ್ಲದಿರಲಿಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು (1934–1991) ‘ತಾಯಿ-ಮಗು’ವಿನಂಥ ಪುಸ್ತಕಗಳನ್ನು ಬರೆದು, ಸಂಕೋಚದಿಂದ ಬಾಯಿಬಿಡದ ಹೆಣ್ಣುಮಕ್ಕಳಿಗೆ ಅವರ ಭಾಷೆಯಲ್ಲೇ ವಿಷಯ ತಿಳಿಸಿದರು. ಅವುಗಳ ಮಮತೆ ಇಂದಿಗೂ ಹೊಸದು. ಔಷಧ, ಲಸಿಕೆಗಳ ವಿವರಕ್ಕೆ ಮಾತ್ರ ಯಾವ ಹಳೆಯ ಪುಸ್ತಕವನ್ನೂ ನೆಚ್ಚಬಾರದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಯನ್ನು ಊರೂರಿಗೆ ತಂದಿತು. ಇಂದು ಗರ್ಭಿಣಿಯರ ಕೈಗೆ ಕೊಡುವ ತಾಯಿ ಕಾರ್ಡನ್ನು ಅನೇಕರು ಸರ್ಕಾರಿ ಕಾಗದವೆಂದು ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ಲಸಿಕೆಗಳ ಪಟ್ಟಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆಬೇರೆಯಾದ ಬೆಳವಣಿಗೆಯ ನಕ್ಷೆ, ಯಾವ ವಯಸ್ಸಿಗೆ ಮಗು ಏನು ಮಾಡಬೇಕೆಂಬ ಚಿತ್ರಗಳು ಅದರಲ್ಲೇ ಇವೆ. ಫೋನಿನಲ್ಲಿ ಬರುವ ನೂರು ಸಂದೇಶಗಳಿಗಿಂತ ಆ ಕಾರ್ಡು ಮೇಲು.

ಮಗು ಕರೆದರೆ ತಿರುಗಿ ನೋಡುತ್ತಿಲ್ಲ, ಮಾತು ಬರುತ್ತಿಲ್ಲ ಎಂದಾದರೆ, ‘ನಮ್ಮ ವಂಶದಲ್ಲಿ ಮಾತು ತಡ’ ಎಂದು ಸಮಾಧಾನ ಪಟ್ಟುಕೊಂಡು ಕಾಯಬಾರದು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ತಡವಾದ ಒಂದೊಂದು ವರ್ಷವೂ ಆ ಮಗುವಿನ ಲೆಕ್ಕದಲ್ಲಿ ದೊಡ್ಡ ನಷ್ಟ.

ವೇಷ ಹಾಕುವವರ ಕಾಲ ಮುಗಿಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಮಹಲನಬೀಸರು 2022ರಲ್ಲಿ ತೀರಿಕೊಂಡು, 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂದ ದಿನಗಳಲ್ಲಿಯೂ, ಔಷಧದಂಗಡಿಗಳಲ್ಲಿ ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಹೊತ್ತ ಸಕ್ಕರೆಯ ಪಾನೀಯಗಳು ಮಾರಾಟವಾಗುತ್ತಿದ್ದವು. ಸಕ್ಕರೆ ಮಿತಿಮೀರಿದರೆ ಭೇದಿ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಪಾನೀಯಗಳ ಹೆಸರಿನಲ್ಲಿ ಆ ಅಕ್ಷರಗಳನ್ನು ಬಳಸಬಾರದೆಂದು ಆಜ್ಞೆ ಮಾಡಿತು. ಅಂಗಡಿಯಲ್ಲಿ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ್ದು ಎಂಬ ಸಾಲು ಪೊಟ್ಟಣದ ಮೇಲಿದೆಯೇ ಎಂದು ಓದಿಯೇ ದುಡ್ಡು ಕೊಡಿ.

ಅದರಂತೆಯೇ, ಯಾವ ಸಲಹೆ ಬಂದರೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಹೇಳಿದವರು ಯಾರು? ಅದರಿಂದ ಅವರಿಗೆ ಏನು ಲಾಭ? ಯಾವಾಗ ಹೇಳಿದ್ದು? ಯಾರು ಪರೀಕ್ಷಿಸಿ ನೋಡಿದ್ದಾರೆ? ಉತ್ತರ ಸಿಗದಿದ್ದರೆ ಹತ್ತಿರದ ಮಕ್ಕಳ ವೈದ್ಯರ ಮುಂದೆಯೋ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಮುಂದೆಯೋ ಅದೇ ಪ್ರಶ್ನೆಗಳನ್ನು ಇಡಿ. ತರಗತಿಯಲ್ಲಿ ನನ್ನನ್ನು ಪ್ರಶ್ನೆ ಕೇಳಲು ಅಂಜುತ್ತಿದ್ದವರು ಸಹ, ಮಗುವಿನ ವಿಷಯದಲ್ಲಿ ಅಂಜಬೇಕಾಗಿಲ್ಲ.