ಯುದ್ಧಪೀಡಿತ ಯೆಮನ್‌ನ ಬಡವರಿಗೆ ವಿಶ್ವಬ್ಯಾಂಕ್ ಹಣ ತಲುಪುವುದು ಹೇಗೆ? ಇಲ್ಲಿದೆ ಮಾಹಿತಿ

ಒಂದೇ ದೇಶದಲ್ಲಿ ಎರಡು ಆಡಳಿತ, ಎರಡು ಕೇಂದ್ರೀಯ ಬ್ಯಾಂಕ್. ಇಂಥ ಕಡೆ ಬಡವರಿಗೆ ಮೀಸಲಾದ ಹಣವನ್ನು ಯಾರ ಕೈಗೆ ಕೊಡಬೇಕು? ಯೆಮನ್ ವಿಚಾರದಲ್ಲಿ ವಿಶ್ವಬ್ಯಾಂಕ್‌ಗೆ ಎದುರಾದ ಪ್ರಶ್ನೆ ಇದು. ವಿಶ್ವಸಂಸ್ಥೆಯೊಂದಿಗೆ ಕೈಜೋಡಿಸುವ ಮೂಲಕ ಅದು ಉತ್ತರ ಕಂಡುಕೊಂಡಿತು.

ಸಮಸ್ಯೆ ಶುರುವಾಗಿದ್ದು ಹೇಗೆ?

2014ರ ಸೆಪ್ಟೆಂಬರ್‌ನಲ್ಲಿ ಹೌತಿ ಬಂಡುಕೋರರು ರಾಜಧಾನಿ ಸನಾವನ್ನು ವಶಪಡಿಸಿಕೊಂಡರು. 2015ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾ ನೇತೃತ್ವದ ಮಿತ್ರಕೂಟ ವೈಮಾನಿಕ ದಾಳಿ ಆರಂಭಿಸಿತು. ಭಾರತ 'ಆಪರೇಷನ್ ರಾಹತ್' ಹೆಸರಿನಲ್ಲಿ ಅಲ್ಲಿದ್ದ ಸಾವಿರಾರು ಭಾರತೀಯರನ್ನು ಕರೆತಂದಿದ್ದು ಇದರ ಬೆನ್ನಲ್ಲೇ. ವಿಶ್ವಬ್ಯಾಂಕ್ ಕೂಡ ಅದೇ ಮಾರ್ಚ್‌ನಲ್ಲಿ ಹಣ ಬಿಡುಗಡೆ ನಿಲ್ಲಿಸಿತು. 2016ರಲ್ಲಿ ಅಂತಾರಾಷ್ಟ್ರೀಯ ಮಾನ್ಯತೆ ಪಡೆದ ಸರ್ಕಾರ ಕೇಂದ್ರೀಯ ಬ್ಯಾಂಕನ್ನು ಏಡನ್‌ಗೆ ಸ್ಥಳಾಂತರಿಸಿತು. ಲಕ್ಷಾಂತರ ಸರ್ಕಾರಿ ನೌಕರರ ಸಂಬಳ ನಿಂತುಹೋಯಿತು.

ಬದಲಾಗಿದ್ದೇನು?

ಬಡ ರಾಷ್ಟ್ರಗಳಿಗೆ ಅಗ್ಗದ ಸಾಲ ಮತ್ತು ಅನುದಾನ ನೀಡುವುದು ವಿಶ್ವಬ್ಯಾಂಕ್ ಸಮೂಹದ ಐಡಿಎ. ಭಾರತವೂ ದಶಕಗಳ ಕಾಲ ಇದರಿಂದ ಸಾಲ ಪಡೆದಿತ್ತು. ಸಾಮಾನ್ಯವಾಗಿ ಆಯಾ ದೇಶದ ಸರ್ಕಾರದ ಜತೆಗೇ ಒಪ್ಪಂದ ನಡೆಯುತ್ತದೆ. ಆದರೆ ಯೆಮನ್‌ನಲ್ಲಿ 2016ರಿಂದ ಅನುದಾನವನ್ನು ನೇರವಾಗಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿಗೆ ನೀಡಲಾಯಿತು. ಯುಎನ್‌ಡಿಪಿಗೆ ಕೂಲಿ ಕೆಲಸ ಮತ್ತು ಜೀವನೋಪಾಯದ ಯೋಜನೆಗಳು, ಯುನಿಸೆಫ್ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗೆ ಆರೋಗ್ಯ ಸೇವೆಯ ಹೊಣೆ ಸಿಕ್ಕಿತು. ಸಂಘರ್ಷಪೀಡಿತ ದೇಶಗಳಲ್ಲಿ ಒಟ್ಟಾಗಿ ಕೆಲಸ ಮಾಡಲು ವಿಶ್ವಸಂಸ್ಥೆ ಮತ್ತು ವಿಶ್ವಬ್ಯಾಂಕ್ 2017ರಲ್ಲಿ ಹೊಸ ಒಪ್ಪಂದಕ್ಕೂ ಸಹಿ ಹಾಕಿದವು.

ಹಣ ಕೈಸೇರುವುದು ಹೇಗೆ?

ಯುದ್ಧಕ್ಕೆ ಮುನ್ನ ಸರ್ಕಾರದ ಸಮಾಜ ಕಲ್ಯಾಣ ನಿಧಿ ಬಡ ಕುಟುಂಬಗಳಿಗೆ ನಗದು ನೆರವು ನೀಡುತ್ತಿತ್ತು. ಅದು ನಿಂತಿತಾದರೂ ಫಲಾನುಭವಿಗಳ ಪಟ್ಟಿ ಉಳಿದಿತ್ತು. 2017ರಲ್ಲಿ ಅದೇ ಪಟ್ಟಿ ಆಧರಿಸಿ ಯುನಿಸೆಫ್ ನಗದು ವಿತರಣೆ ಶುರುಮಾಡಿತು. ಇದರ ವ್ಯಾಪ್ತಿಗೆ ಬಂದಿದ್ದು ಸುಮಾರು 15 ಲಕ್ಷ ಕುಟುಂಬಗಳು, ಅಂದರೆ ಸುಮಾರು 90 ಲಕ್ಷ ಜನ. ಫಲಾನುಭವಿಗಳು ಗುರುತಿನ ದಾಖಲೆ ತೋರಿಸಿ ಹಣ ಪಡೆಯುತ್ತಿದ್ದರು. ಎರಡೂ ಬಣಗಳ ಹಿಡಿತದಲ್ಲಿರುವ ಪ್ರದೇಶಗಳಲ್ಲಿ ವಿತರಣೆ ನಡೆಯಿತು. ದೂರು ಹೇಳಿಕೊಳ್ಳಲು ಕಾಲ್ ಸೆಂಟರ್ ಇತ್ತು. ಸ್ವತಂತ್ರ ಸಂಸ್ಥೆಯೊಂದು ಮೇಲ್ವಿಚಾರಣೆ ನಡೆಸಿತು.

ಶಾಂತಿಗೂ ಇದಕ್ಕೂ ಏನು ನಂಟು?

ವಿಶ್ವಸಂಸ್ಥೆ ಎಲ್ಲವನ್ನೂ ತಾನೇ ಮಾಡಲಿಲ್ಲ. 1997ರಲ್ಲಿ ಸ್ಥಾಪನೆಯಾದ ಯೆಮನ್‌ನ ಸಾಮಾಜಿಕ ಅಭಿವೃದ್ಧಿ ನಿಧಿಯಂಥ ಸ್ಥಳೀಯ ಸಂಸ್ಥೆಗಳಿಗೆ ರಸ್ತೆ, ನೀರಿನ ಕಾಮಗಾರಿಗಳನ್ನು ವಹಿಸಲಾಯಿತು. ಇದರಿಂದ ಅನುಭವಿ ಸಿಬ್ಬಂದಿ ಚದುರಿಹೋಗಲಿಲ್ಲ. ಯುದ್ಧ ಮುಗಿದ ಮೇಲೆ ದೇಶ ಕಟ್ಟಲು ಬೇಕಾಗುವುದು ಇಂಥ ಸಂಸ್ಥೆಗಳೇ. ಹಿಂಸಾಚಾರ ಭುಗಿಲೆದ್ದ ಮೇಲೆ ಖರ್ಚು ಮಾಡುವುದಕ್ಕಿಂತ ಅದನ್ನು ಮೊದಲೇ ತಡೆಯುವುದು ಅಗ್ಗ ಎಂದು ಎರಡೂ ಸಂಸ್ಥೆಗಳ 2018ರ ಜಂಟಿ ವರದಿ ಹೇಳಿದೆ.

ಟೀಕೆಗಳೇನು?

ಹಳೆಯ ಪಟ್ಟಿಯಲ್ಲಿ ಯುದ್ಧದಿಂದ ಹೊಸದಾಗಿ ಬಡವರಾದವರ ಹೆಸರಿಲ್ಲ. ಯೆಮನ್ ರಿಯಾಲ್ ಮೌಲ್ಯ ಕುಸಿದಂತೆ, ಸಿಕ್ಕ ಹಣಕ್ಕೆ ಬರುವ ದಿನಸಿಯೂ ಕಡಿಮೆಯಾಯಿತು. ಮಧ್ಯವರ್ತಿ ಸಂಸ್ಥೆಗಳ ಆಡಳಿತ ವೆಚ್ಚವೂ ಅನುದಾನದಿಂದಲೇ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೆರವು ರಾಜಕೀಯ ಒಪ್ಪಂದಕ್ಕೆ ಪರ್ಯಾಯವಲ್ಲ. 2022ರ ಏಪ್ರಿಲ್‌ನಲ್ಲಿ ಕದನ ವಿರಾಮ ಜಾರಿಯಾಗಿದ್ದು ವಿಶ್ವಸಂಸ್ಥೆಯ ಮಧ್ಯಸ್ಥಿಕೆಯಿಂದ. ಆದರೆ ಅಲ್ಲಿಯವರೆಗೆ ಒಲೆ ಉರಿಯಲು, ಆಸ್ಪತ್ರೆ ಬಾಗಿಲು ತೆರೆದಿರಲು ಈ ಹಣ ಆಸರೆಯಾಯಿತು.